ಅತ್ತೆ ನುಂಗದ ಮಾತ್ರೆ

ದರ್ಜಿ ಹೆಂಗಸಿಗೆ ನಾಯಿ ಎಂದರೆ ಅಷ್ಟಕ್ಕಷ್ಟೇ. ಅದು ಅತ್ತೆಯ ನಾಯಿ. ಮರಿಯಾಗಿದ್ದಾಗ ಯಾರದೋ ಕೋಟಿನ ಗುಂಡಿ ನುಂಗಿ 'ಗುಂಡಿ' ಎಂದೇ ಹೆಸರಾಗಿತ್ತು. ಅವಳ ಗಂಡ ತೀರಿಕೊಂಡ ಮೇಲೂ ಅತ್ತೆ ಸೊಸೆ ಒಂದೇ ಸೂರಿನಡಿ ಉಳಿದಿದ್ದರು. ಮುಂದಿನ ಕೋಣೆಯಲ್ಲಿ ಸೊಸೆಯ ಹೊಲಿಗೆ ಅಂಗಡಿ, ಹಿಂದಿನದರಲ್ಲಿ ಅತ್ತೆಯ ಮಂಚ. ಜಗಳವಿರಲಿಲ್ಲ, ಸಲಿಗೆಯೂ ಇರಲಿಲ್ಲ. ಬೆಳಿಗ್ಗೆ ಸೊಸೆ ಬಿಪಿ ಮಾತ್ರೆ ನೆನಪಿಸುವಳು, ಅತ್ತೆ "ಆಯ್ತು, ನುಂಗ್ದೆ" ಎನ್ನುವರು. ಆಮೇಲೆ ಇವರ ಪಾಡಿಗೆ ಇವರು, ಅವರ ಪಾಡಿಗೆ ಅವರು.

ಒಂದು ಮಧ್ಯಾಹ್ನ ಸೊಸೆ ಪ್ಯಾಂಟಿನ ಕಾಲು ಮಡಚಿ ಹೊಲಿಯುತ್ತಿದ್ದಾಗ ಮಂಚದ ಕೆಳಗಿನಿಂದ ಚರಪರ ಸದ್ದು ಕೇಳಿತು. ಒಳಗೆ ಹೋಗಿ ಬಗ್ಗಿ ನೋಡಿದರೆ ನಾಯಿಯ ಮುಂಗಾಲುಗಳ ನಡುವೆ ಮಾತ್ರೆಯ ಶೀಟು, ಅಗಿದು ಚಿಂದಿಯಾಗಿತ್ತು.

ನಿದ್ದೆಯಿಂದೆದ್ದ ಅತ್ತೆ ಅಡುಗೆಮನೆಗೆ ಓಡಿದರು. "ಉಪ್ಪುನೀರು ಕುಡಿಸೋಣ, ಎಲ್ಲಾ ಕಕ್ಕತ್ತೆ!"

"ತಡೀರಿ ಅತ್ತೆ, ಕೇಳ್ತೀನಿ," ಎಂದು ಸೊಸೆ ಪಶುವೈದ್ಯೆಗೆ ಫೋನ್ ಹಚ್ಚಿದಳು.

"ನೀವಾಗಿ ಏನೂ ಕುಡಿಸ್ಬೇಡಿ," ಎಂದಳು ವೈದ್ಯೆ. "ಉಪ್ಪುನೀರಂತೂ ಬೇಡವೇ ಬೇಡ, ಅದೇ ವಿಷ ಆಗ್ಬಹುದು. ಯಾವ ಮಾತ್ರೆ? ನಾಯಿ ಎಷ್ಟು ತೂಕ ಇದೆ?"

ಸೊಸೆ ಚಿಂದಿಯ ಮೇಲಿನ ಅಕ್ಷರ ಕೂಡಿಸಿ ಓದಿದಳು, ನಾಯಿಯ ತೂಕ ಅಂದಾಜಿನಲ್ಲಿ ಹೇಳಿದಳು.

"ಶೀಟಲ್ಲಿ ಎಷ್ಟು ಉಳಿದಿತ್ತು?"

"ಎರಡೋ ಮೂರೋ. ಮುಗೀತಾ ಬಂದಿತ್ತು."

ಅತ್ತೆ ಉಪ್ಪಿನ ಡಬ್ಬಿ ಹಿಡಿದು ಬಾಗಿಲಲ್ಲೇ ನಿಂತಿದ್ದರು. "ಪೂರ್ತಿ ಇತ್ತು," ಎಂದರು.

"ಏನಂದ್ರಿ?"

"ಪೂರ್ತಿ ಇತ್ತು ಅಂತ ಹೇಳು. ನಾನು ಒಂದೂ ನುಂಗಿಲ್ಲ."

ಸೊಸೆ ಅವರ ಮುಖ ನೋಡಿದಳು. ಬೈಯುವ ಹೊತ್ತು ಅದಲ್ಲ. ಹೇಳಿದ್ದನ್ನು ಹಾಗೆಯೇ ಫೋನಿಗೆ ದಾಟಿಸಿದಳು.

ವೈದ್ಯೆಯ ದನಿ ಬಿಗಿಯಾಯಿತು. "ನಾಯಿ ಈಗ ಆರಾಮಾಗಿ ಕಾಣತ್ತೆ ಅಂತ ಕಾಯ್ತಾ ಕೂರ್ಬೇಡಿ. ಆ ಶೀಟೂ ತಗೊಂಡು ಈಗ್ಲೇ ಬನ್ನಿ."

ಆಟೋದಲ್ಲಿ ನಾಯಿ ಅತ್ತೆಯ ಮಡಿಲಲ್ಲಿತ್ತು. "ಆ ಮಾತ್ರೆ ನುಂಗಿದ್ರೆ ನಂಗೆ ತಲೆ ಸುತ್ತತ್ತೆ," ಎಂದರು ಅತ್ತೆ. "ಹೇಳಿದ್ರೆ ನೀನು ಅಂಗಡಿ ಮುಚ್ಚಿ ಡಾಕ್ಟರ ಹತ್ರ ಎಳ್ಕೊಂಡು ಹೋಗ್ತಿದ್ದೆ."

"ಹೋಗ್ತಿದ್ದೆ," ಎಂದಳು ಸೊಸೆ.

ಆಸ್ಪತ್ರೆಯಲ್ಲಿ ವಾಂತಿ ಮಾಡಿಸಲು ಇಂಜೆಕ್ಷನ್ ಕೊಟ್ಟರು. ಬಿಳಿ ಚೂರುಗಳೂ ಹೊಳೆಯುವ ಕಾಗದವೂ ಹೊರಬಂದವು. ಆದರೂ ಒಂದಿಷ್ಟು ಆಗಲೇ ಮೈಗೆ ಹತ್ತಿತ್ತು, ಎದೆಬಡಿತ ಇಳಿದಿತ್ತು. ಇದ್ದಿಲ ಪುಡಿ ಕಲಸಿದ ಔಷಧಿ ಕುಡಿಸಿ, ಡ್ರಿಪ್ ಹಾಕಿ, ಅಲ್ಲೇ ಉಳಿಸಿಕೊಂಡರು. ನಾಯಿ ಬದುಕುತ್ತದೋ ಇಲ್ಲವೋ ಎಂದು ಯಾರೂ ಮಾತು ಕೊಡಲಿಲ್ಲ. ಬೆಂಚಿನ ಮೇಲೆ ಅತ್ತೆ ಸೊಸೆ ಪಕ್ಕಪಕ್ಕ ಕೂತರು. ಸೊಸೆ ಚಹಾ ತಂದುಕೊಟ್ಟಳು, ಅತ್ತೆ ಕುಡಿಯಲಿಲ್ಲ.

ಮರುದಿನ ನಾಯಿ ಎದ್ದು ನಿಂತಿತು. ಅಡ್ಡಾದಿಡ್ಡಿ ಹೆಜ್ಜೆ ಹಾಕಿ ಬಂದು ಅತ್ತೆಯ ಕೈ ನೆಕ್ಕಿತು.

ಆ ವಾರವೇ ಸೊಸೆ ಅಂಗಡಿಗೆ ಬೀಗ ಹಾಕಿ ಅತ್ತೆಯನ್ನು ಡಾಕ್ಟರ ಮುಂದೆ ಕೂರಿಸಿದಳು. ಮಾತ್ರೆ ಯಾಕೆ ಬಿಟ್ಟಿರಿ ಎಂದು ಡಾಕ್ಟರು ಗದರಿದರು.

"ನಾಯಿಗೇ ಸರಿಹೋಗ್ಲಿಲ್ಲ ಡಾಕ್ಟ್ರೇ, ನನಗೆ ಹೇಗೆ ಸರಿಹೋಗತ್ತೆ?" ಎಂದರು ಅತ್ತೆ.

ಡಾಕ್ಟರು ನಕ್ಕು ಬೇರೆ ಮಾತ್ರೆ ಬರೆದರು. ಸೊಸೆ ಅಲ್ಲಿ ನಗಲಿಲ್ಲ. ಬಸ್ ಸ್ಟಾಪಿಗೆ ಬಂದ ಮೇಲೆ, ಸೆರಗು ಬಾಯಿಗಿಟ್ಟುಕೊಂಡು, ತಡೆಯಲಾಗದೆ ನಕ್ಕುಬಿಟ್ಟಳು.