ಸ್ಕೇಲಕ್ಕನ ಒಂದೇ ಗೆರೆ

ದೊಡ್ಡ ಡಾಕ್ಟರು ಬಾಯಿ ತೆರೆದರೆ ಸಾಕು, ಎರಡು ಹೆಜ್ಜೆ ಹಿಂದೆ ನಿಂತ ಆ ನರ್ಸ್ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದಳು. ಎಪ್ಪತ್ತಮೂರನೇ ನಂಬರಿನ ರೋಗಿ, ಎಂದರೆ ಇದನ್ನು ಬರೆಯುತ್ತಿರುವ ಪ್ರಾಣಿ, ಕಾಯುವ ಬೆಂಚಿನ ಮೇಲೆ ಕೂತು ಈ ದೃಶ್ಯವನ್ನು ವರ್ಷವಿಡೀ ನೋಡಿದ. ಗುರುವಿನ ಒಂದು ಮಾತೂ ನೆಲಕ್ಕೆ ಬೀಳದಂತೆ ಆಯ್ದಿಡುವ ಶಿಷ್ಯೆ ಎಂದು ತೀರ್ಮಾನಿಸಿ, ಪಕ್ಕದಲ್ಲಿ ಕೂತವರಿಗೂ ಹೇಳಿದ: "ಭಕ್ತಿ ಅಂದ್ರೆ ಇದು ನೋಡಿ. ನಮ್ಮನೇಲಿ ನನ್ನ ಮಾತು ಬರ್ಕೊಳ್ಳೋದಿರಲಿ, ಕೇಳಿಸ್ಕೊಳ್ಳೋರೂ ಇಲ್ಲ." ಮನುಷ್ಯರನ್ನು ಅಳೆಯುವುದರಲ್ಲಿ ತಾನು ಗಟ್ಟಿಗ ಎಂಬ ಭ್ರಮೆ ಆಗ ಅವನಿಗಿತ್ತು. ಅವಳು ಬರೆದುಕೊಳ್ಳುತ್ತಿದ್ದದ್ದು ನಿಜ. ಆದರೆ ಅದು ಭಕ್ತಿಯಿಂದಲ್ಲ.

ಅವಳನ್ನು ಎಲ್ಲರೂ ಸ್ಕೇಲಕ್ಕ ಎನ್ನುತ್ತಿದ್ದರು. ಬಿಳಿ ಕೋಟಿನ ಜೇಬಿನಲ್ಲಿ ಗೇಣುದ್ದದ ಸ್ಟೀಲಿನ ಸ್ಕೇಲು ಸದಾ ಇರುತ್ತಿತ್ತು. ಸಂಶೋಧನೆಯ ದಾಖಲೆ ಪುಸ್ತಕದಲ್ಲಿ ಏನಾದರೂ ತಪ್ಪು ಬರೆದರೆ ಅಳಿಸುವಂತಿಲ್ಲ, ಬಿಳಿ ಬಣ್ಣ ಬಳಿಯುವಂತಿಲ್ಲ, ಹಾಳೆ ಹರಿಯುವಂತಂತೂ ಇಲ್ಲವೇ ಇಲ್ಲ. ಪ್ರತಿ ಹಾಳೆಗೂ ನಂಬರಿದೆ. ತಪ್ಪಿನ ಮೇಲೆ ಒಂದೇ ಒಂದು ಗೆರೆ ಎಳೆಯಬೇಕು. ಕೆಳಗಿನ ಅಕ್ಷರ ಓದಲು ಬರುವಂತಿರಬೇಕು. ಪಕ್ಕದಲ್ಲಿ ತಾರೀಕು, ಸಹಿ, ಹೊಡೆದುಹಾಕಿದ ಕಾರಣ. ಉಳಿದ ನರ್ಸುಗಳು ಕೈಯಲ್ಲೇ ಗೀಚಿ ಮುಗಿಸುತ್ತಿದ್ದರು. ಇವಳು ಮಾತ್ರ ಸ್ಕೇಲಿಟ್ಟು, ಕೂದಲೆಳೆಯಷ್ಟು ತೆಳ್ಳಗೆ ಎಳೆಯುತ್ತಿದ್ದಳು.

ಸಂಶೋಧನೆ ಸಕ್ಕರೆ ಕಾಯಿಲೆಯದು. ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿ ಅದಕ್ಕೆಂದು ಮೂರು ಕೋಣೆ: ಒಂದರಲ್ಲಿ ತೂಕ, ಒಂದರಲ್ಲಿ ರಕ್ತ, ಒಂದರಲ್ಲಿ ದೊಡ್ಡ ಡಾಕ್ಟರು. ದಿನಕ್ಕೆ ಎರಡು ಹೊತ್ತು ಬಿರುಸಾಗಿ ನಡೆದರೆ ಒಂದು ಮಾತ್ರೆ ಕಡಿಮೆ ನುಂಗಿದರೂ ಸಕ್ಕರೆ ಹತೋಟಿಯಲ್ಲಿರುತ್ತದೆ ಎಂದು ಅವರು ಲೋಕಕ್ಕೆ ತೋರಿಸಬೇಕಿತ್ತು. ನೂರಿಪ್ಪತ್ತು ಜನ ರೋಗಿಗಳು. ಅರ್ಧ ಜನ ನಡೆಯುವವರು, ಅರ್ಧ ಜನ ಎಂದಿನಂತೆ ಮಾತ್ರೆಯವರು. ನಡೆಯುವವರ ಸಕ್ಕರೆ ಇಳಿಯುವುದನ್ನು ತೋರಿಸುವ ಒಂದು ಗೆರೆ ಡಾಕ್ಟರ ಕೋಣೆಯ ಗೋಡೆಯ ಮೇಲೆ ಜಾರುಬಂಡೆಯ ಹಾಗೆ ಇಳಿದಿತ್ತು. ಅದರ ಪಕ್ಕದಲ್ಲೇ ಡಾಕ್ಟರ ಭಾವಚಿತ್ರ, ಅದರ ಕೆಳಗೆ "ನಡೆಯಿರಿ, ಬಾಳಿರಿ" ಎಂಬ ಸಂದೇಶ, ಸಂದೇಶಕ್ಕಿಂತ ದೊಡ್ಡದಾಗಿ ಅವರ ಸಹಿ. ಆ ಸಹಿ ಕುದುರೆ ಕೆನೆದಂತೆ ಶುರುವಾಗಿ, ಕೊನೆಗೆ ಎರಡು ಚುಕ್ಕೆಯಲ್ಲಿ ಗಕ್ಕನೆ ನಿಲ್ಲುತ್ತಿತ್ತು.

"ನಿಮ್ಮ ಅಮ್ಮನಿಗೂ ಸಕ್ಕರೆ ಇದೆ ಅಂದ್ರಲ್ಲ ಸಿಸ್ಟರ್, ಅವರನ್ನೂ ಸೇರಿಸಿಬಿಡಿ. ಬೇರೆಯವರಿಗೆ ಧೈರ್ಯ ಬರುತ್ತೆ," ಎಂದವರು ಡಾಕ್ಟರೇ. ಸ್ಕೇಲಕ್ಕನೇ ಅಮ್ಮನನ್ನು ಕರೆತಂದಳು. ಒಪ್ಪಿಗೆ ಪತ್ರದಲ್ಲಿ ಎಲ್ಲಿ ಸಹಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದವಳೂ ಅವಳೇ. ಅಮ್ಮ ನಲವತ್ತೊಂದನೇ ನಂಬರು, ನಡೆಯುವ ಗುಂಪು.

ಅಮ್ಮ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವವಳು. ಮೂವತ್ತು ವರ್ಷ ಹೊಲಿಗೆ ಮಿಷನ್ ತುಳಿದು ಮಗಳನ್ನು ಓದಿಸಿದ ಕಾಲು ಅವಳದು. ಐದನೇ ತಿಂಗಳ ತಪಾಸಣೆಗೆ ಬಂದಾಗ ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಒಂದು ನೀರುಗುಳ್ಳೆ ಕಂಡಿತು. ಮಗಳು ಒತ್ತಿ ನೋಡಿ ಕೇಳಿದಳು: "ನೋವಿದೆಯಾ?"

"ಇಲ್ಲ ಕಣೇ. ಗುಳ್ಳೆ ಇರೋದೇ ನೀನು ಹೇಳಿದ್ಮೇಲೆ ಗೊತ್ತಾಗಿದ್ದು."

ಸಕ್ಕರೆ ಕಾಯಿಲೆಯವರ ಪಾದದಲ್ಲಿ ನೋವಿಲ್ಲದ ಗುಳ್ಳೆಗಿಂತ ಭಯಂಕರವಾದದ್ದು ಇನ್ನೊಂದಿಲ್ಲ. ಸ್ಪರ್ಶ ಸತ್ತುಹೋಗಿದೆ ಎಂದರ್ಥ. ಸ್ಕೇಲಕ್ಕ ಪುಸ್ತಕದಲ್ಲಿ ಬರೆದಳು. ಡಾಕ್ಟರು ನೋಡಿದರು. ಪಾದದ ಗಾಯ ಎಂದು ದಾಖಲಾದರೆ ಮರುದಿನವೇ ಮೇಲಿನವರಿಗೆ ತಿಳಿಸಬೇಕು, ನಡಿಗೆ ನಿಲ್ಲಿಸಬೇಕು, ಗೋಡೆಯ ಜಾರುಬಂಡೆಗೆ ಒಂದು ಕಲ್ಲು ಬೀಳುತ್ತದೆ.

"ನೋವಿಲ್ಲ ಅಂತ ಅವರೇ ಹೇಳ್ತಿದ್ದಾರೆ. ನೋವಿಲ್ದಿದ್ರೆ ಅದ್ಯಾವ ಗಾಯ? ಹೊಡೆದುಹಾಕಿ ಅದನ್ನ. ನಡಿಗೆ ಮುಂದುವರೀಲಿ," ಎಂದರು.

ಸ್ಕೇಲಕ್ಕ ಹದಿನೆಂಟು ವರ್ಷದಿಂದ ಡಾಕ್ಟರುಗಳ ಮಾತು ಕೇಳಿ ಬಂದವಳು. ಸ್ಕೇಲಿಟ್ಟು ಗೆರೆ ಎಳೆದಳು. ಕಾರಣದ ಜಾಗದಲ್ಲಿ "ತಪ್ಪಾಗಿ ಬರೆದದ್ದು" ಎಂದು ಬರೆದಳು.

ಮೂರು ವಾರಕ್ಕೆ ಅಮ್ಮನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಡಾಕ್ಟರು ಬಾಗಿಲ ಬಳಿ ನಿಂತೇ ವಿಷಾದ ಸೂಚಿಸಿ, ನಲವತ್ತೊಂದನೇ ನಂಬರಿನ ಮುಂದೆ "ಸ್ವಇಚ್ಛೆಯಿಂದ ಬಿಟ್ಟರು" ಎಂದು ಬರೆಯಲು ಹೇಳಿದರು. ಅಮ್ಮ ಮನೆಗೆ ಬಂದ ಮೇಲೆ ಒಂದು ದಿನ ಮಿಷನ್ ಮುಂದೆ ಕೂತು ಎಡಗಾಲಿನಿಂದ ತುಳಿಯಲು ನೋಡಿದಳು. ಚಕ್ರ ಹಿಂದಕ್ಕೆ ತಿರುಗಿ ದಾರ ಕಿತ್ತುಬಂತು.

"ಇದಕ್ಕೂ ಗೊತ್ತಾಗೋಯ್ತು ನೋಡೇ, ನಾನು ಅರ್ಧ ಅಂತ," ಎಂದು ನಕ್ಕಳು. ಆಮೇಲೆ ನಗದೆ ಕೇಳಿದಳು: "ಆ ಗುಳ್ಳೆ ಬರ್ದಿದ್ದೆಯಲ್ಲ, ಅದೇನಾಯ್ತು?"

ಮಗಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅಮ್ಮ ಕಿತ್ತುಬಂದ ದಾರವನ್ನು ಸುತ್ತಿಟ್ಟಳು. ಮೂರನೇ ದಿನ ಬೆಳಿಗ್ಗೆ ಬಾಚಣಿಗೆ ಕೇಳುವ ದನಿಯಲ್ಲಿ ಹೇಳಿದಳು: "ಅವನನ್ನ ಬಿಡಬೇಡ."

ಇಷ್ಟು ಸಾಕಾಗಿತ್ತು. ದೂರು ಬರೆದರೆ ಅದು ಹೋಗುವುದು ಆಸ್ಪತ್ರೆಯ ಸಮಿತಿಗೆ. ಸಮಿತಿಯ ಅಧ್ಯಕ್ಷರು ದೊಡ್ಡ ಡಾಕ್ಟರೇ. ಆದರೆ ಸಂಶೋಧನೆಗೆ ಅನುಮತಿ ಕೊಟ್ಟ ಕಚೇರಿಯಿಂದ ಎರಡು ವರ್ಷಕ್ಕೊಮ್ಮೆ ತನಿಖೆಗೆ ಬರುತ್ತಾರೆ. ಬಂದವರು ಡಾಕ್ಟರ ಮುಖ ನೋಡುವುದಿಲ್ಲ, ಪುಸ್ತಕ ನೋಡುತ್ತಾರೆ. ತನಿಖೆಗೆ ಇನ್ನೂ ಹದಿನಾಲ್ಕು ತಿಂಗಳಿತ್ತು. ಸ್ಕೇಲಕ್ಕ ಹಲ್ಲು ಕಚ್ಚಿ ಕಾದಳು. ತಲೆ ಇನ್ನಷ್ಟು ತಗ್ಗಿಸಿದಳು. ಬೆಂಚಿನ ಮೇಲಿನ ಎಪ್ಪತ್ತಮೂರನೇ ನಂಬರಿಗೆ ಭಕ್ತಿ ಎಂದು ಕಂಡದ್ದು ಇದೇ.

ಮೊದಲು ಅವಳು ಅಮ್ಮನ ಹಾಳೆ ತೆರೆದಳು. ತಾನೇ ಬರೆದಿದ್ದ "ತಪ್ಪಾಗಿ ಬರೆದದ್ದು" ಎಂಬುದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಬರೆದಳು: "ತಪ್ಪಲ್ಲ. ಗುಳ್ಳೆ ಇತ್ತು. ದೊಡ್ಡ ಡಾಕ್ಟರು ಹೇಳಿದ್ದಕ್ಕೆ ಹೊಡೆದುಹಾಕಿದೆ." ತಾರೀಕು, ಸಹಿ. "ಸ್ವಇಚ್ಛೆಯಿಂದ" ಎಂಬುದರ ಮೇಲೆ ಇನ್ನೊಂದು. ತಿದ್ದಿದ ಹಾಳೆಗೆ ಮುಖ್ಯಸ್ಥರ, ಎಂದರೆ ದೊಡ್ಡ ಡಾಕ್ಟರ, ಸಹಿಯೂ ಬೇಕು. ವಾರಕ್ಕೊಮ್ಮೆ ಪುಸ್ತಕ ಅವರ ಮೇಜಿಗೆ ಹೋಗುತ್ತಿತ್ತು. ಅವರು ಫೋನಿನಲ್ಲಿ ತಮ್ಮ ಮುಂದಿನ ಭಾಷಣದ ಬಗ್ಗೆ ಮಾತಾಡುತ್ತ, ಹಾಳೆ ಮಗುಚುತ್ತ ಸಹಿ ಹಾಕುತ್ತಿದ್ದರು.

"ಓದಿ ಸಹಿ ಮಾಡಿ ಸಾರ್," ಎಂದಳು ಸ್ಕೇಲಕ್ಕ.

"ನನಗೆ ಓದೋದು ಕಲಿಸ್ತೀರಾ ಸಿಸ್ಟರ್?"

ಕುದುರೆ ಕೆನೆಯಿತು, ಎರಡು ಚುಕ್ಕೆ ಬಿತ್ತು.

ಆಮೇಲೆ ಒಟ್ಟು ಆರು ಜನರಿಗೆ ಕಾಲಲ್ಲಿ ಗಾಯವಾಯಿತು. ಆರೂ ಜನರನ್ನು ಅವಳು ಅಂದಂದೇ ಎದುರು ರಸ್ತೆಯ ಗಾಯದ ಡಾಕ್ಟರ ಬಳಿಗೆ ಅಟ್ಟಿದಳು. "ಇವತ್ತಿಂದ ನಡಿಗೆ ಬಂದ್. ಯಾರು ಏನೇ ಹೇಳ್ಲಿ, ಒಂದು ಹೆಜ್ಜೆ ಇಟ್ರೆ ನಾನೇ ಬಂದು ಕಾಲು ಮುರೀತೀನಿ," ಎಂದು ಹೆದರಿಸಿದಳು. ಆರೂ ಜನರ ಹನ್ನೆರಡೂ ಕಾಲು ಉಳಿದವು. ಡಾಕ್ಟರು ಆರನ್ನೂ ಹೊಡೆದುಹಾಕಿಸಿದರು. ಪ್ರತಿ ಗೆರೆಯ ಪಕ್ಕದಲ್ಲೂ ಅವರು ಆಡಿದ ಮಾತು ಅಕ್ಷರ ಬಿಡದೆ ಕೂತಿತು: "'ಈ ಹೆಂಗಸು ನನ್ನ ಗ್ರಾಫ್ ಕೆಡಿಸ್ತಾಳೆ' ಎಂದು ಡಾಕ್ಟರು ಹೇಳಿದ್ದಕ್ಕೆ." "'ಇವನಿಗೆ ನಡೆಯೋಕೇ ಬರಲ್ಲ' ಎಂದು ಹೇಳಿದ್ದಕ್ಕೆ." ಪ್ರತಿ ವಾರ ಅವಳು "ಓದಿ ಸಾರ್" ಎಂದಳು. ಹೇಳದೆ ಸಹಿ ಹಾಕಿಸಿಕೊಂಡರೆ ಅದು ಮೋಸ. ಹೇಳಿಯೂ ಓದದಿದ್ದರೆ ಅದು ಅವರ ಹಣೆಬರಹ. ಪ್ರತಿ ವಾರ ಕುದುರೆ ಕೆನೆಯಿತು. ಅವಳು ಮನೆಗೆ ಹೋಗಿ ಸಹಿಗಳ ಎಣಿಕೆ ಒಪ್ಪಿಸಿದಾಗ ಅಮ್ಮ ಹೊಸ ಅಂಗಿಗೆ ಗುಂಡಿ ಹಚ್ಚುತ್ತ, "ಇನ್ನೊಂದು ಹಾಕಿದ್ನಾ? ಹಾಕ್ಲಿ, ಹಾಕ್ಲಿ," ಎಂದು ನಗುತ್ತಿದ್ದಳು. ಆ ಮನೆಯಲ್ಲಿ ಅಷ್ಟು ಹಸನಾಗಿ ನಗು ಕೇಳಿ ಬಹಳ ದಿನವಾಗಿತ್ತು.

ತನಿಖೆಗೆ ಬಂದವರು ಎರಡು ಕನ್ನಡಕ ಇಟ್ಟುಕೊಂಡಿದ್ದ ಒಬ್ಬ ಸಣಕಲು ಹೆಂಗಸು. ಡಾಕ್ಟರು ಕೋಲು ಹಿಡಿದು ಗೋಡೆಯ ಗೆರೆಯನ್ನು ಮುಕ್ಕಾಲು ಗಂಟೆ ವರ್ಣಿಸಿದರು. ಆಕೆ ಬಿಸ್ಕತ್ತು ಬೇಡವೆಂದು, ಕನ್ನಡಕ ಬದಲಾಯಿಸಿ, "ಪುಸ್ತಕ ಕೊಡಿ," ಎಂದರು. ನಲವತ್ತೊಂದನೇ ನಂಬರಿನ ಹಾಳೆಯಲ್ಲಿ ನಿಂತರು. ಹಿಂದೆ ಮಗುಚಿದರು, ಮುಂದೆ ಮಗುಚಿದರು. ಸ್ಕೇಲಕ್ಕ ಬಾಗಿಲ ಬಳಿ ನಿಂತು ಡಾಕ್ಟರ ಕಿವಿಯನ್ನೇ ನೋಡುತ್ತಿದ್ದಳು. ಮೊದಲು ಕೆಂಪಾದದ್ದು ಕಿವಿ, ಆಮೇಲೆ ಕತ್ತು. ಹದಿನಾಲ್ಕು ತಿಂಗಳು ಈ ಬಣ್ಣಕ್ಕಾಗಿಯೇ ಅವಳು ಕಾದಿದ್ದಳು. ಕಣ್ಣು ಮಿಟುಕಿಸಲಿಲ್ಲ.

"ಇದನ್ನೆಲ್ಲ ನೀವು ಒಪ್ಪಿ ಸಹಿ ಮಾಡಿದ್ದೀರಿ," ಎಂದರು ತನಿಖೆಯಾಕೆ.

"ಇದು ನನ್ನ ಸಹಿಯೇ ಅಲ್ಲ!"

ಆಕೆ ಗೋಡೆಯ ಕಡೆ ಬೆರಳು ಮಾಡಿದರು. "ಹಾಗಾದ್ರೆ ಆ ಫೋಟೋದ ಕೆಳಗಿರೋದು ಯಾರದ್ದು?"

ಎರಡು ಚುಕ್ಕೆಗಳು ಡಾಕ್ಟರನ್ನೇ ನೋಡುತ್ತಿದ್ದವು.

ತನಿಖೆಯಾಕೆ ಸ್ಕೇಲಕ್ಕನ ಕಡೆ ತಿರುಗಿದರು. "ಮೊದಲು 'ತಪ್ಪಾಗಿ ಬರೆದದ್ದು' ಅಂತ ಬರೆದಿದ್ದು ನೀವೇನಾ?"

"ನಾನೇ."

"ಸುಳ್ಳು ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ನಿಮ್ಮ ಹೆಸರನ್ನೂ ಸಿಬ್ಬಂದಿ ಪಟ್ಟಿಯಿಂದ ಹೊಡೆದುಹಾಕ್ಬೇಕಾಗುತ್ತೆ."

ಸ್ಕೇಲಕ್ಕ ಜೇಬಿಗೆ ಕೈ ಹಾಕಿ ಸ್ಕೇಲನ್ನು ಮೇಜಿನ ಮೇಲಿಟ್ಟಳು. "ಹೊಡೆದುಹಾಕಿ ಮೇಡಂ. ಗೆರೆ ಮಾತ್ರ ಸೊಟ್ಟ ಆಗ್ಬಾರ್ದು."

ಸಂಶೋಧನೆ ನಿಂತಿತು. ನಡೆಯುವವರಿಗೆಲ್ಲ ಬಿಡಿಸಿದ್ದ ಮಾತ್ರೆ ಮರಳಿ ಸಿಕ್ಕಿತು. ಡಾಕ್ಟರು ಅಚ್ಚು ಹಾಕಿಸಿದ್ದ ಪ್ರಬಂಧವನ್ನು ಪತ್ರಿಕೆಯವರು ಹಿಂತೆಗೆದುಕೊಂಡರು. ಡಾಕ್ಟರು ಐದು ವರ್ಷ ರೋಗಿಗಳನ್ನು ಮುಟ್ಟುವಂತಿಲ್ಲ ಎಂದಾಯಿತು. ಗೋಡೆಯಿಂದ ಭಾವಚಿತ್ರ ಇಳಿಸಿದ ದಿನ ಸ್ಕೇಲಕ್ಕ ನಡೆದದ್ದನ್ನೆಲ್ಲ ಅಮ್ಮನಿಗೆ ಹೇಳಿದಳು. ಅಮ್ಮ ಪೂರ್ತಿ ಕೇಳಿ, "ಕಿವಿ ಕೆಂಪಾಗಿದ್ದನ್ನ ಇನ್ನೊಂದ್ಸಲ ಹೇಳೇ," ಎಂದಳು. ಮೂರು ಸಲ ಹೇಳಿಸಿಕೊಂಡಳು.

ಆರು ತಿಂಗಳ ಅಮಾನತು ಮುಗಿದ ಮೇಲೆ ಸ್ಕೇಲಕ್ಕನನ್ನು ಪಾದ ನೋಡುವ ಕೋಣೆಗೆ ಹಾಕಿದರು. ಶಿಕ್ಷೆ ಎಂದುಕೊಂಡು ಹಾಕಿದರು. ಅವಳು ಅಲ್ಲೇ ತಳವೂರಿದಳು. ರೋಗಿ ಕಣ್ಣು ಮುಚ್ಚಿಕೊಳ್ಳಬೇಕು, ಅವಳು ನೈಲಾನ್ ಎಳೆಯಿಂದ ಅಂಗಾಲಿನ ಹತ್ತು ಕಡೆ ಮುಟ್ಟುತ್ತಾಳೆ, ತಾಗಿದರೆ ಹೇಳಬೇಕು.

ಮೊನ್ನೆ ಎಪ್ಪತ್ತಮೂರನೇ ನಂಬರು ಅಲ್ಲಿ ಕಣ್ಣು ಮುಚ್ಚಿ ಮಲಗಿತ್ತು. ದೊಡ್ಡ ಡಾಕ್ಟರು ಈಗ ಮನೆ ಬಿಟ್ಟು ಹೊರಗೆ ಬರುವುದಿಲ್ಲ, ಅವರಿಗೂ ಸಕ್ಕರೆ ಶುರುವಾಗಿದೆ ಎಂಬ ಸುದ್ದಿ ಅದಕ್ಕೆ ತಿಳಿದಿತ್ತು. ದೊಡ್ಡ ಮನುಷ್ಯನಂತೆ ದನಿ ತಗ್ಗಿಸಿ ಕೇಳಿತು: "ಅಲ್ಲ ಸ್ಕೇಲಕ್ಕ, ಎಷ್ಟಾದ್ರೂ ವಯಸ್ಸಾದೋರು... ಒಂದ್ಸಲನಾದ್ರೂ ಪಾಪ ಅನ್ನಿಸಲಿಲ್ವಾ?"

"ಇಲ್ಲ. ಆ ಕಾಲು ಕೊಡಿ."