ಬಣ್ಣ ಹೋದ ನೀರು

ನಮ್ಮ ಕಾಲೇಜಿನ ಕೆಮಿಸ್ಟ್ರಿ ಮೇಡಂ ಸ್ಟಾಫ್ ರೂಮಿನಲ್ಲಿ ಕೂತು ಕಾಫಿ ಕುಡಿದದ್ದನ್ನು ನಾನು ನೋಡಿಲ್ಲ. ಲೋಟ ಹಿಡಿದುಕೊಂಡೇ ಕಿಟಕಿಗೂ ಬಾಗಿಲಿಗೂ ಓಡಾಡುತ್ತಿದ್ದರು. ತೊಂಬತ್ತರ ದಶಕದ ಕೊನೆ. ಚಿಕ್ಕಮಗಳೂರಿನ ಆ ಕಾಲೇಜಿನಲ್ಲಿ ನಾನು ಕನ್ನಡ ಪಾಠ ಮಾಡುತ್ತಿದ್ದೆ. ಅವರು ಕಾಫಿ ಬೀಜ ಸಿಪ್ಪೆ ಸುಲಿದು ಹದ ಮಾಡುವ ಕ್ಯೂರಿಂಗ್ ವರ್ಕ್ಸಿನಿಂದ ಹೊಟ್ಟು ತರಿಸಿ, ಮುಚ್ಚಿದ ಡಬ್ಬಿಯಲ್ಲಿ ಸುಟ್ಟು ಇದ್ದಿಲು ಮಾಡಿ, ತೊಳೆದು ಪುಡಿ ಮಾಡಿ, ಅದರಲ್ಲಿ ಬಣ್ಣದ ನೀರು ಸೋಸಿ ನೋಡುತ್ತಿದ್ದರು.

"ಇದರ ಮೈಯೆಲ್ಲ ತೂತು. ಕಣ್ಣಿಗೆ ಕಾಣೋದಿಲ್ಲ, ಆದ್ರೆ ನೀರಿನ ಬಣ್ಣವನ್ನೆಲ್ಲ ಹಿಡ್ಕೊಳ್ತದೆ," ಎನ್ನುವರು. ಬಣ್ಣ ಪೂರ್ತಿ ಹೋದ ದಿನವೂ ಅವರಿಗೆ ಸಮಾಧಾನವಿಲ್ಲ. "ಇನ್ನೊಂದ್ಸಲ ನೋಡುವ," ಎಂದು ಮತ್ತೆ ಒಲೆ ಹಚ್ಚುವರು.

ಒಮ್ಮೆ ಕಾಲೇಜಿನ ವಸ್ತುಪ್ರದರ್ಶನಕ್ಕೆ ಮೂಡಿಗೆರೆ ಕಡೆಯ ಪ್ಲಾಂಟರ್ ಒಬ್ಬರು ಅತಿಥಿಯಾಗಿ ಬಂದರು. ಇದ್ದಿಲು ಸುಡಲು ಲ್ಯಾಬಿಗೆ ಹೊಸ ವಿದ್ಯುತ್ ಕುಲುಮೆ ಕೊಡಿಸುವ ಮನಸ್ಸು ಅವರಿಗಿದೆ ಎಂದು ಪ್ರಿನ್ಸಿಪಾಲರು ಮೊದಲೇ ಹೇಳಿದ್ದರು. ಮೇಡಂ, ಬಟ್ಟೆಗೆ ಹಾಕುವ ನೀಲಿ ಬಣ್ಣ ಕಲಸಿದ ನೀರನ್ನು ಇದ್ದಿಲು ತುಂಬಿದ ಕೊಳವೆಗೆ ಸುರಿದರು. ಕೆಳಗಿನ ಗಾಜಿನ ಲೋಟಕ್ಕೆ ತಿಳಿನೀರು ಇಳಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಭೇಷ್!" ಎಂದು ಅತಿಥಿಗಳು ಲೋಟವೆತ್ತಿ ತುಟಿಯ ಹತ್ತಿರ ತಂದರು. ಮೇಡಂ ನುಗ್ಗಿ ಬಂದು ಅದನ್ನು ಕಿತ್ತುಕೊಂಡರು. ನೀರು ಅತಿಥಿಗಳ ಬಿಳಿ ಶರಟಿನ ಮೇಲೆ ಚೆಲ್ಲಿತು.

"ಕುಡೀಬೇಡಿ ಸಾರ್. ಬಣ್ಣ ಹೋಗಿದೆ, ಅಷ್ಟೇ. ಬೇರೆ ಏನು ಉಳಿದಿದೆ ಅಂತ ನಂಗೇ ಇನ್ನೂ ಗೊತ್ತಿಲ್ಲ."

ಪ್ರಿನ್ಸಿಪಾಲರ ಮುಖ ಸಣ್ಣದಾಯಿತು. ಅತಿಥಿಗಳು ಶರಟು ಒರೆಸಿಕೊಂಡು ಮುಂದಿನ ಮೇಜಿಗೆ ಹೋದರು. ಕುಲುಮೆ ಬರಲೇ ಇಲ್ಲ.

ಆ ಸಂಜೆ ನಾನು, "ಸ್ವಲ್ಪ ಮೆತ್ತಗೆ ಹೇಳಬಹುದಿತ್ತು ಮೇಡಂ," ಎಂದೆ.

"ಹೇಳೋಷ್ಟರಲ್ಲಿ ಕುಡಿದೇ ಬಿಡ್ತಿದ್ರು ಮಾರಾಯ್ರೇ," ಎಂದರು. ಮಸಿ ಹಿಡಿದ ಕೈಗಳಿಂದಲೇ ಮತ್ತೆ ಒಲೆ ಹಚ್ಚಿದರು.