ಕಿವಿನೋವಿಗೂ ಮೊದಲು ಕಾಲು

1987ರ ಚಳಿಗಾಲ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಅಂಕಲಿಯ ದವಾಖಾನೆಯ ಕಟ್ಟೆಯ ಮೇಲೆ ಕಂಪೌಂಡರ್ ಪ್ರಭುದಾಸ ಮಾಮಾ ಕಿವಿನೋವಿನ ರೋಗಿಯೊಬ್ಬನ ಕಾಲು ತೊಳೆಯುತ್ತಿದ್ದರು. ಹಲ್ಲುನೋವಿರಲಿ, ಹೊಟ್ಟೆನೋವಿರಲಿ, ಅವರ ಚಿಕಿತ್ಸೆ ಬಿಸಿನೀರಿನ ಬೋಗುಣಿಯಿಂದಲೇ ಶುರು. "ನೋವು ಕಿವ್ಯಾಗ ಐತ್ರಿ ಮಾಮಾ" ಎಂದು ರೋಗಿ ಕಾಲು ಹಿಂದಕ್ಕೆಳೆದರೆ, "ಕಿವಿ ಎಲ್ಲಿ ಓಡಿ ಹೋಗ್ತೈತಿ? ಯೇಸುಸ್ವಾಮಿನೇ ತಮ್ಮ ಶಿಷ್ಯರ ಕಾಲ ತೊಳದಾರ, ನಾ ಏನ್ ಬಾದಶಾನ? ಚಾಚಲೇ!" ಎಂದು ಗದರುತ್ತಿದ್ದರು. ಕಬ್ಬು ಕಡಿಯುವವರ ಒಡೆದ ಹಿಮ್ಮಡಿ ಕಂಡರೆ ಅವರಿಗೆ ಹಾಡೇ ಬರುತ್ತಿತ್ತು. ಊರಿನ ಹಿರಿಯ ಬಾಪುಸಾಹೇಬರು ನಾಚಿಕೊಂಡು ಮನೆಯಲ್ಲೇ ಕಾಲು ತೊಳೆದು ಬಂದರೂ ಮಾಮಾ ಬಿಡುತ್ತಿರಲಿಲ್ಲ. ಒಂದು ದಿನ ಮಾಮಾನ ದೊಡ್ಡಪ್ಪನ ಮಗ ಯಶವಂತ ಕಾಲಿಗೆ ಮುಳ್ಳು ಚುಚ್ಚಿಸಿಕೊಂಡು ಬಂದ. ಕೋರ್ಟಿನಲ್ಲಿ ಸುಳ್ಳು ಸಾಕ್ಷಿ ಹೇಳಿ ಮಾಮಾನ ಹೊಲ ಕೈಬಿಟ್ಟು ಹೋಗುವಂತೆ ಮಾಡಿದವನು ಅವನೇ. ನೀರು ಕಾಯಿಸಿ ಕೊಡುವ ಮಾಮಾನ ಹೆಂಡತಿ ರೂತಬಾಯಿ ಬೋಗುಣಿ ಕಸಿದುಕೊಂಡು, "ಇವನ ಕಾಲ ಮುಟ್ಟಿದ್ರ ನಾಳಿಂದ ನಾ ನೀರ ಕಾಸಂಗಿಲ್ರಿ" ಎಂದಳು. ಮಾಮಾ ಗದರಲಿಲ್ಲ. ಕೈಯನ್ನು ಬೋಗುಣಿಗೆ ಚಾಚಿ, "ಸ್ವಾಮಿನ್ನ ಹಿಡದಕೊಟ್ಟ ಯೂದಾನೂ ಸ್ವಾಮಿ ಶಿಷ್ಯರ ಕಾಲ ತೊಳದಾವತ್ತ ಅಲ್ಲೇ ಕುಂತಿದ್ದ, ರೂತಾ. ಅವನ ಕಾಲೂ ತೊಳದ್ರು. ಅವನ್ನ ಬಿಟ್ಟು ಹನ್ನೊಂದಲ್ಲ, ಒಟ್ಟು ಹನ್ನೆರಡು ಮಂದಿ" ಎಂದರು.